ಎಡ್ನಾಳ ಹೆಸರು ಅಳಿಸಿದವನ ಮೇಲೆ ಸೈಕಲ್ ಸವಾರಿ

ಸೆಡ್ರಿಕ್ ಹಾಲ್ರಾಯ್ಡ್ ಸೈಕಲ್ ಹತ್ತಿದರೆ ಯಾರ್ಕ್‌ಶೈರಿನ ಇನ್ನೂರು ವರ್ಷದ ಕಾಲುವೆ ಹೆದರಿ ಗುಡ್ಡದ ಮೇಲಕ್ಕೆ ಹರಿಯುತ್ತಿತ್ತಂತೆ. ಬಾತುಕೋಳಿಗಳು ಸಾಲಾಗಿ ನಿಂತು ಸಲಾಂ ಹೊಡೆಯುತ್ತಿದ್ದವಂತೆ. ಹೀಗೆ ಹೇಳಿದವನು ಸೆಡ್ರಿಕನೇ, ದಂಡೆಯ ಪಬ್ಬಿನಲ್ಲಿ, ಎರಡನೇ ಲೋಟ ಬಿಯರ್ ಇಳಿಸುತ್ತಾ.

ಹೆಂಡತಿ ತೀರಿಕೊಂಡ ಮೇಲೆ ಅವನು ದೋಣಿಯನ್ನು ದಲ್ಲಾಳಿ ಕೈಯಲ್ಲಿ ಮಾರಿಸಿದ್ದ. ಅದರ ಮಗ್ಗುಲಲ್ಲಿ ತಾನೇ ಬರೆದಿದ್ದ ಅವಳ ಹೆಸರು: ಎಡ್ನಾ. ಕೊಂಡ ನಾರ್ಮನ್ ಎಂಬ ಹೊಸಬ ಅದರ ಮೇಲೆ ಹಸಿರು ಬಳಿಸಿ ಬೇರೆ ಹೆಸರು ಬರೆಸಿದ. ಅದೂ ದೋಣಿ ನೀರಲ್ಲಿರುವಾಗಲೇ! ದಡಕ್ಕೆತ್ತದೆ ಹೆಸರು ಬದಲಿಸಿದರೆ ಕೇಡು ಎಂಬುದು ಕಾಲುವೆಯವರ ನಂಬಿಕೆ. ಕೇಡು ತಾನಾಗಿ ಬರಲೆಂದು ಕಾಯುವ ತಾಳ್ಮೆ ಸೆಡ್ರಿಕನಿಗಿರಲಿಲ್ಲ. ಭಾನುವಾರ ಬೆಳಿಗ್ಗೆ ನಾರ್ಮನ್ ದೋಣಿ ಬಿಟ್ಟಾಗ ತಾನೇ ಕೇಡಾಗಿ ಹೊರಟ.

ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿಯಲ್ಲಿ, ಬಸವನಹುಳು ಗಂಟೆ ಬಾರಿಸಿ ಜಾಗ ಕೇಳುವಷ್ಟು ನಿಧಾನ ತುಳಿದ. ಆದರೂ ದೋಣಿಗಿಂತ ಮುಂದೆ. ಕಾಲುವೆ ಗುಡ್ಡ ಹತ್ತುವಲ್ಲಿ, ನೀರು ತುಂಬಿಸಿ ದೋಣಿಯನ್ನು ಮೇಲೆತ್ತುವ ಎರಡು ಬಾಗಿಲಿನ ತೊಟ್ಟಿಗಳಿವೆ, ಅವೇ ಲಾಕುಗಳು. ಮೇಲೇರುವ ದೋಣಿ ಒಳಗೆ ಬರಬೇಕಾದರೆ ತೊಟ್ಟಿ ಖಾಲಿಯಿರಬೇಕು. ಸೆಡ್ರಿಕ್ ಚೀಲದಲ್ಲಿ ತಂದಿದ್ದ ಕಬ್ಬಿಣದ ಹಿಡಿಕೆ ಸಿಕ್ಕಿಸಿ ತಿರುಗಿಸಿ, ತೊಟ್ಟಿ ತುಂಬಿಸಿಟ್ಟು, ಮುಂದಿನದಕ್ಕೆ ಹೊರಟ. ನಾರ್ಮನ್ ಒಬ್ಬನೇ ಇಳಿದು, ಖಾಲಿ ಮಾಡಿ, ಬಾಗಿಲು ನೂಕಬೇಕು. ಹೀಗೇ ಹನ್ನೊಂದು ಲಾಕು ಎಂದ ಸೆಡ್ರಿಕ್. ನಾಲ್ಕರಲ್ಲಿ ನಾರ್ಮನ್ ಅತ್ತನಂತೆ, ಹನ್ನೊಂದರಲ್ಲಿ ಕಾಲಿಗೆ ಬಿದ್ದನಂತೆ.

ಪಬ್ಬಿನ ಒಡತಿ ಬ್ರೆಂಡಾ ಲೋಟ ಒರೆಸುತ್ತಾ ಕೇಳಿಸಿಕೊಂಡಳು.

"ಅದೆಲ್ಲ ಸರಿ ಕಣಯ್ಯಾ. ನಾನು ಬಟ್ಟೆ ಒಣಗಾಕ್ತಿದ್ದಾಗ ಅವನ ದೋಣಿ ಮೇಲೆ ನಿನ್ನ ಸೈಕಲ್ ಅಂಗಾತ ಮಲಗಿತ್ತು. ನೀನು ಪಕ್ಕದಲ್ಲಿ ಕೂತು ಅವನ ಟೀ ಹೀರ್ತಿದ್ದೆ. ಅದು ಎಷ್ಟನೇ ಲಾಕು?"

ಸೆಡ್ರಿಕ್ ಲೋಟ ಕೆಳಗಿಟ್ಟು ನಿಜ ಒಪ್ಪಿಕೊಂಡ.

ಒಂದೇ ಲಾಕು, ಅಷ್ಟೇ ತುಂಬಿಸಿದ್ದು. ಆಮೇಲೆ ದಾರಿ ಬದಿಯ ಹಾಥಾರ್ನ್ ಎಂಬ ಮುಳ್ಳುಗಿಡದ ಬೇಲಿ ಹೊಸದಾಗಿ ಕತ್ತರಿಸಿದ್ದರು. ದಾರಿ ತುಂಬ ಮುಳ್ಳು, ಎರಡೂ ಚಕ್ರ ಠುಸ್. ಹಿಂದಿನಿಂದ ಬಂದ ನಾರ್ಮನ್ ದೋಣಿ ನಿಲ್ಲಿಸಿ, ಸೈಕಲ್ ಎತ್ತಿ ಮೇಲಿಟ್ಟ. ಸೆಡ್ರಿಕನ ಬೆರಳು ಹಸಿರು ಬಣ್ಣದಡಿಯ ಉಬ್ಬಿದ ಅಕ್ಷರಗಳನ್ನು ತಡವುತ್ತಲೇ ಇತ್ತು.

"ಅವನೇ ಕೇಳ್ದ," ಎಂದ ಸೆಡ್ರಿಕ್. "'ಇಲ್ಲಿ ಎಡ್ನಾ ಅಂತಿತ್ತು ಅಜ್ಜಾ, ಯಾರು ಅಂತ ಗೊತ್ತಾ? ಅವ್ರ ಮನೆಯವ್ರು ಸಿಕ್ಕಿದ್ರೆ ಕೇಳಿ ಮತ್ತೆ ಅದನ್ನೇ ಬರೆಸ್ತೀನಿ' ಅಂದ."

"ನೀನೇನಂದೆ?"

"ಗೊತ್ತಿಲ್ಲ ಅಂದ್ಬಿಟ್ಟೆ. ಲಾಕು ತುಂಬಿಸಿದ ಹಿಡಿಕೆ ನನ್ನ ಚೀಲದಿಂದ ಇಣುಕ್ತಿತ್ತು, ಬ್ರೆಂಡಾ."