ಕಪ್ತಾನನ ಕೋಟಿಗೆ ಸಿಕ್ಕ ಚಿಕ್ಕಮ್ಮ

ನಾನು, ಚಿಕ್ಕಮ್ಮ ನಡೆಸುವ ದರ್ಜಿ ಅಂಗಡಿಗೆ ಬಾಗಿಲು ಹಾಕಿ, ಹೊಲಿಗೆ ಮಿಷನ್ನುಗಳಿಗೆ ಬಟ್ಟೆ ಹೊದಿಸಿ, ಬೆಳಿಗ್ಗೆ ಮೊದಲ ಬಸ್ಸಿಗೆ ನಾವು ಮೂವರು ಸಮುದ್ರದಂಚಿನ ಹಳೇ ಪೇಟೆಗೆ ಹೊರಟಿದ್ದು ಪೇಟೆ ನೋಡುವುದಕ್ಕಲ್ಲ. ಪೇಟೆ ನೋಡೋಣ ಎಂದು ಚಿಕ್ಕಮ್ಮನಿಗೆ ಹೇಳಿದ್ದೆ, ಅಷ್ಟೇ. ನನಗೂ ಇಸ್ತ್ರಿ ಮಾವನಿಗೂ ಗೊತ್ತಿದ್ದ ಸಂಗತಿಯೇ ಬೇರೆ. ಸಂಜೆ ವಾಪಸ್ ಬಸ್ಸು ಹತ್ತುವುದರೊಳಗೆ ಮಾವ ಚಿಕ್ಕಮ್ಮನನ್ನು "ನನ್ನನ್ನು ಮದುವೆ ಆಗುತ್ತೀರಾ" ಎಂದು ಕೇಳಬೇಕಿತ್ತು.

ಇಸ್ತ್ರಿ ಮಾವ ಎಂದರೆ ನಮ್ಮ ಪಕ್ಕದ ಮಳಿಗೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟವರು. ಹೆಂಡತಿ ತೀರಿಕೊಂಡು ಎಷ್ಟೋ ಕಾಲವಾಯಿತು. ಒಬ್ಬರೇ ಇದ್ದು ಬೇಸತ್ತು, ಅಂಗಡಿ ಖಾಲಿ ಮಾಡಿ ದೂರದೂರಿನ ಅಣ್ಣನ ಮನೆಗೆ ಹೋಗಿಬಿಡುತ್ತೇನೆ ಎಂದು ಕೂತಿದ್ದರು. ಹೊರಡುವುದು ಮರುದಿನವೇ. ಚಿಕ್ಕಮ್ಮ ಹೂಂ ಅಂದರೆ ಉಳಿಯುತ್ತಾರೆ, ಇಲ್ಲವಾದರೆ ಗಂಟುಮೂಟೆ. ಆದರೆ ಕೇಳುವುದಕ್ಕೆ ಈ ಮನುಷ್ಯನಿಗೆ ಬಾಯಿ ಬೇಕಲ್ಲ!

ಇತ್ತ ಚಿಕ್ಕಮ್ಮನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು ಅವಳೇ. "ಮದುವೆ ಆಗೋಕೆ ಪುರುಸೊತ್ತೇ ಸಿಗ್ಲಿಲ್ಲ ಕಣೇ" ಎಂದು ನಗುತ್ತಾಳೆ. ಆ ನಗು ಕೇಳಿಯೇ ನಾನು ಈ ಏರ್ಪಾಟು ಮಾಡಿದ್ದು.

ಹಳೇ ಪೇಟೆಯಲ್ಲಿ ಬಸ್ಸಿಳಿದದ್ದೇ ತಡ, ಶುರುವಾಯಿತು ಓಟ. ಕಲ್ಲುಹಾಸಿನ ಓಣಿ, ಎರಡೂ ಕಡೆ ಒಂದಕ್ಕೊಂದು ಒರಗಿ ನಿಂತ ಮನೆಗಳು, ಉಪ್ಪುಗಾಳಿಗೆ ಬಣ್ಣ ಎದ್ದುಹೋದ ಕಿಟಕಿಗಳು. ಓಣಿಯ ಕೊನೆಯಲ್ಲಿ ಹಳೇ ಕೋಟೆಯ ಗೋಡೆ, ಗೋಡೆಯ ಆಚೆ ಥಟ್ಟನೆ ಸಮುದ್ರ! ನನಗೇ ಕುಣಿಯಬೇಕು ಅನ್ನಿಸಿತು. ಕೋಟೆಗೋಡೆಯ ಮೇಲೆ ಮಾವ ಕೆಮ್ಮಿ, ಅಂಗಿಯ ಕಾಲರು ಸರಿಮಾಡಿಕೊಂಡು, "ನೋಡಿ, ನಿಮ್ಮತ್ರ ಒಂದು ಮಾತು..." ಎಂದರು.

"ಅಯ್ಯೋ, ಹಡಗು ಹೊರಡ್ತಾ ಇದೆ!" ಎಂದು ಚಿಕ್ಕಮ್ಮ ಮೆಟ್ಟಿಲಿಳಿದು ಮಾಯ. ಗಡಿಯಾರದ ಗೋಪುರದ ಕೆಳಗೆ ಮಾವ ಮತ್ತೆ ಬಾಯಿ ತೆರೆದರು, ಅವಳು ಆಗಲೇ ಮೇಲೆ ಹತ್ತಿ ನಮಗೆ ಕೈಬೀಸುತ್ತಿದ್ದಳು. ದೀಪಸ್ತಂಭದ ಹತ್ತಿರವೂ ಅದೇ ಕತೆ.

"ಮಾವ, ಬಾಯಿಗೆ ಬೀಗ ಹಾಕ್ಕೊಂಡಿದೀರಾ?" ಎಂದು ನಾನು ಹಲ್ಲು ಕಡಿದೆ.

"ನಿಂತ್ರೆ ತಾನೇನಮ್ಮಾ ಹೇಳೋದು?" ಎಂದರು ಪಾಪ, ಬೆವರು ಒರೆಸಿಕೊಳ್ಳುತ್ತಾ.

ಮಧ್ಯಾಹ್ನ ಕಳೆದಮೇಲೆ ಹಡಗುಕಟ್ಟೆಯ ಮ್ಯೂಸಿಯಮ್ಮಿಗೆ ಹೋದೆವು. ಒಳಗೆ ಮಬ್ಬು ಬೆಳಕು, ತಂಪು. ಹಗ್ಗ ಕಟ್ಟಿದ ಜಾಗದಲ್ಲಿ ಹಡಗಿನ ಕಪ್ತಾನನ ಮರದ ಗೊಂಬೆ, ಅದಕ್ಕೆ ಕಣಕಾಲು ಮುಟ್ಟುವ ಹಳೇ ಕಾಲದ ಕೋಟು. ನಾನು ಫಿರಂಗಿ ನೋಡಿ ತಿರುಗುವಷ್ಟರಲ್ಲಿ ಚಿಕ್ಕಮ್ಮ ಹಗ್ಗದ ಕೆಳಗೆ ನುಸುಳಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೋಟಿನ ಅಂಚನ್ನು ಮಡಿಲಲ್ಲಿ ಹರಡಿಕೊಂಡು ಸರಸರನೆ ಹೊಲಿಯುತ್ತಿದ್ದಳು! ಸೂಜಿದಾರ ಯಾವಾಗಲೂ ಅವಳ ಕಾಲರಿನಲ್ಲೇ ಇರುತ್ತದೆ.

"ಚಿಕ್ಕಮ್ಮಾ, ಏನ್ಮಾಡ್ತಿದ್ದೀಯಾ?"

"ಅಂಚಿನ ಹೊಲಿಗೆ ಬಿಟ್ಟೋಗಿದೆ ಕಣೇ. ನೋಡ್ಕೊಂಡು ಹೆಂಗೆ ಸುಮ್ನಿರ್ಲಿ?"

"ಯಾರ್ರೀ ಅದು ಒಳಗೆ!" ಆ ಮೂಲೆಯಲ್ಲಿ ತೂಕಡಿಸುತ್ತಿದ್ದ ಕಾವಲುಗಾರ ಗುಡುಗಿದ. ಚಿಕ್ಕಮ್ಮ ಬೆಚ್ಚಿ ಎದ್ದಳು. ಅವಳ ಜೊತೆ ಕೋಟೂ ಎದ್ದಿತು, ಕೋಟಿನ ಜೊತೆ ಕಪ್ತಾನನೂ ಅವಳ ಮೇಲೆ ವಾಲಿದ. ಮಾವ ಹಾರಿ ಬಂದು ಕಪ್ತಾನನನ್ನು ಗಟ್ಟಿಯಾಗಿ ತಬ್ಬಿ ಹಿಡಿದರು.

ಆಗಿದ್ದಿಷ್ಟು. ಮಬ್ಬಿನಲ್ಲಿ ಹೊಲಿಯುತ್ತಾ ಚಿಕ್ಕಮ್ಮ ತಾನು ತೊಟ್ಟಿದ್ದ ನಿಲುವಂಗಿಯ ಅಂಚನ್ನೂ ಕೋಟಿಗೆ ಸೇರಿಸಿ ಹೊಲಿದುಬಿಟ್ಟಿದ್ದಳು. ಅವಳ ಹೊಲಿಗೆ ಎಂದರೆ ಎಳೆದರೆ ಬಿಚ್ಚುವಂಥದ್ದಲ್ಲ.

"ಎಳೀಬೇಡಿ! ಕೋಟು ಹರಿದ್ರೆ ನನ್ನ ಕೆಲಸಕ್ಕೆ ಕುತ್ತು" ಎಂದು ಕಾವಲುಗಾರ ತಲೆ ಮೇಲೆ ಕೈಹೊತ್ತ. "ಯಾರಾದ್ರೂ ಕತ್ತರಿ ತನ್ನಿ!"

ನಾನು ಓಡಿದೆ. ಓಡುತ್ತಲೇ ನಗು ಉಕ್ಕಿ ಬಂತು. ಚಿಕ್ಕಮ್ಮ ಕೊನೆಗೂ ಒಂದು ಕಡೆ ನಿಂತಿದ್ದಾಳೆ! ಮಾವ, ಈಗ ಕೇಳದಿದ್ದರೆ ಇನ್ಯಾವಾಗ? ಚಹಾದಂಗಡಿಯಲ್ಲಿ ಚಾಕು ಇತ್ತು, ಕತ್ತರಿಯಿಲ್ಲ. ಕ್ಷೌರದಂಗಡಿಗೆ ಬೀಗ. ಕಡೆಗೆ ಕಡಲ ದಂಡೆಯಲ್ಲಿ ಬಲೆ ರಿಪೇರಿ ಮಾಡುತ್ತಾ ಕೂತ ಒಬ್ಬ ಅಜ್ಜಿಯ ಹತ್ತಿರ ಸಿಕ್ಕಿತು.

"ಯಾಕಮ್ಮಾ ಹಿಂಗೆ ಎದ್ದುಬಿದ್ದು ಓಡ್ತಿದ್ದೀಯ?"

"ನಮ್ಮ ಚಿಕ್ಕಮ್ಮ ಕಪ್ತಾನನ ಕೈಲಿ ಸಿಕ್ಕಾಕ್ಕೊಂಡಿದಾಳೆ ಅಜ್ಜೀ!"

"ಯಾವ ಕಪ್ತಾನ? ಈ ಊರಿನ ಕಪ್ತಾನರಲ್ಲಿ ಒಬ್ನೂ ನೆಟ್ಟಗಿಲ್ಲ. ಬೇಡ ಅನ್ನು ಅವಳಿಗೆ!"

ಹೊಟ್ಟೆ ಹಿಡಿದುಕೊಂಡು ನಗುತ್ತಾ ವಾಪಸ್ ಓಡಿದೆ. ಇಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತದೆ, ಇಬ್ಬರ ಮುಖವೂ ಅರಳಿರುತ್ತದೆ ಎಂದುಕೊಂಡು ಒಳಗೆ ಕಾಲಿಟ್ಟರೆ, ಮಾವ ಕಪ್ತಾನನನ್ನು ತಬ್ಬಿಕೊಂಡೇ ಹೇಳುತ್ತಿದ್ದಾರೆ: "ಈ ಕಾಲರಿಗೆ ಸ್ವಲ್ಪ ನೀರು ಚಿಮುಕಿಸಿ ಒತ್ತಬೇಕಿತ್ತು, ನೋಡಿ."

ನನಗೆ ಮೈಯೆಲ್ಲ ಉರಿದುಹೋಯಿತು. ಕತ್ತರಿಯನ್ನು ಬೆನ್ನ ಹಿಂದೆ ಹಿಡಿದೆ.

"ಸಿಕ್ತಾ ಕತ್ತರಿ?" ಎಂದ ಕಾವಲುಗಾರ.

"ಸಿಕ್ತು. ಕೊಡಲ್ಲ. ಮಾವ, ನಾಳೆ ಹೊತ್ತಿಗೆ ನೀವು ಊರು ಬಿಡ್ತೀರಿ. ಹೇಳೋದನ್ನ ಈಗ ಹೇಳಿ. ಅಲ್ಲಿವರೆಗೂ ಮೂವರೂ ಹಿಂಗೇ ನಿಂತಿರಿ, ನೀವು, ಚಿಕ್ಕಮ್ಮ, ಆ ಕಪ್ತಾನ!"

"ಅದೇನು ಹೇಳಿಬಿಡಿ ಸ್ವಾಮೀ, ಬಾಗಿಲು ಹಾಕೋ ಹೊತ್ತಾಯ್ತು" ಎಂದು ಕಾವಲುಗಾರ ಕೈಮುಗಿದ.

ಮಾವ ಕಪ್ತಾನನ ಹೆಗಲ ಮೇಲಿಂದ ಚಿಕ್ಕಮ್ಮನನ್ನು ನೋಡಿದರು. ಕೆಮ್ಮಲಿಲ್ಲ, ಕಾಲರು ಸರಿಮಾಡಿಕೊಳ್ಳಲು ಕೈಯೂ ಖಾಲಿ ಇರಲಿಲ್ಲ.

"ನಿಮ್ಮ ಬಟ್ಟೆ ನಾನು ಯಾವಾಗ್ಲೂ ಕೊನೇಲಿ ಇಸ್ತ್ರಿ ಮಾಡ್ತಿದ್ದೆ. ಬೇರೆಯವರದ್ದೆಲ್ಲ ಮುಗಿಸಿ, ಆಮೇಲೆ. ನಿಮ್ಮದನ್ನ ಅವಸರದಲ್ಲಿ ಮಾಡೋಕೆ ಮನಸ್ಸು ಬರ್ತಿರ್ಲಿಲ್ಲ." ಕಪ್ತಾನನನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. "ನಂಗೆ ಅಣ್ಣನ ಮನೆಗೆ ಹೋಗೋಕೆ ಇಷ್ಟ ಇಲ್ಲ. ನನ್ನನ್ನ ಮದುವೆ ಆಗ್ತೀರಾ?"

ಚಿಕ್ಕಮ್ಮನ ಕಿವಿ ಕೆಂಪಾಯಿತು. ಅವಳು ನಿಧಾನವಾಗಿ ನೆಲದ ಮೇಲೆ ಕೂತಳು, ಎರಡೂ ಅಂಚುಗಳನ್ನು ಒಟ್ಟಿಗೆ ಎತ್ತಿ ಬಾಯಿಗೆ ಹಿಡಿದು ದಾರವನ್ನು ಹಲ್ಲಿನಲ್ಲಿ ಕಟ್ಟೆಂದು ಕಡಿದಳು. ಇನ್ನೊಂದು ಕಡೆಯೂ ಕಡಿದಳು. ದಾರದ ಎಳೆಗಳನ್ನು ಕಿತ್ತುಹಾಕಿ, ಎದ್ದು ನಿಂತು, ನಿಲುವಂಗಿ ಕೊಡವಿಕೊಂಡಳು.

ನಾನು ಬಲೆ ಕತ್ತರಿ ಹಿಡಿದು ಕಣ್ಣುಬಿಟ್ಟು ನಿಂತಿದ್ದೆ. ನಾನೂ ದರ್ಜಿಯೇ, ದಿನಾ ದಾರ ಕಡಿಯುವವಳೇ. ನನ್ನ ಬುದ್ಧಿಗೆ ಏನು ಮಂಕು ಕವಿದಿತ್ತೋ!

"ಚಿಕ್ಕಮ್ಮಾ! ಮತ್ತೆ ಇಷ್ಟೊತ್ತು ಯಾಕೆ ಸಿಕ್ಕಾಕ್ಕೊಂಡು ನಿಂತಿದ್ದೆ?"

"ಹೊಲಿದಿದ್ದು ಗೊತ್ತಿಲ್ದೆ ಆಗಿದ್ದು ಕಣೇ, ಆಣೆ ಮಾಡಿ ಹೇಳ್ತೀನಿ" ಎಂದಳು. "ಇವರು ಕೇಳ್ತಾರೇನೋ ಅಂತ ಭಯ, ಕೇಳ್ದೆ ಹೋದ್ರೆ ಅಂತ್ಲೂ ಭಯ. ಬೆಳಿಗ್ಗೆಯಿಂದ ಓಡಿ ಓಡಿ ಸಾಕಾಗಿತ್ತು. ಇಲ್ಲಿ ನಿಂತೆ."

ಆಮೇಲೆ ಮಾವನ ಕಡೆ ತಿರುಗಿದಳು. ಕಣ್ಣಲ್ಲಿ ನೀರು, ಬಾಯ್ತುಂಬ ನಗು.

"ಹೂಂ ಅಂದೆ ಕಣ್ರೀ. ಇನ್ನಾದ್ರೂ ಆ ಕಪ್ತಾನನ್ನ ಬಿಡಿ."