ಎರಡು ಮೂತಿಯ ವೈರು

"ಇದೇನು ಅಂತ ಕೇಳ್ತಿದೀನಿ. ಬಾಯಲ್ಲಿ ಆಲೂಗಡ್ಡೆ ಇಟ್ಕೊಂಡಿದೀಯಾ?"

ಹೆಕ್ಟರ್ ನೆಲಮಾಳಿಗೆಯ ಬಲ್ಬಿನ ಕೆಳಗೆ ನಿಂತು ಕೈ ಎತ್ತಿ ಹಿಡಿದಿದ್ದ. ಕೈಯಲ್ಲಿ ಹೆಬ್ಬೆರಳು ದಪ್ಪದ ಕಪ್ಪು ವೈರು. ಅದರ ಎರಡೂ ತುದಿಯಲ್ಲಿ ಪ್ಲಗ್ಗಿನ ಹಿತ್ತಾಳೆ ಹಲ್ಲುಗಳು ಹೊರಚಾಚಿಕೊಂಡಿದ್ದವು.

"ವೈರು," ಅಂದ ಭಾವ ಮರ್ಡಕ್. "ಇಪ್ಪತ್ತು ವರ್ಷ ಕಂಬ ಹತ್ತಿದ ಲೈನ್‌ಮನ್‌ಗೆ ವೈರು ಅಂದ್ರೇನು ಅಂತ ನಾನು ಹೇಳಿಕೊಡಬೇಕಾ?"

"ಎರಡೂ ಕಡೆ ಮೂತಿ ಇರೋ ವೈರನ್ನ ಯಾವ ಅಂಗಡೀಲೂ ಮಾರಲ್ಲ. ಒಂದು ಮೂತಿ ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ ಚುಚ್ಚೋಕೆ ನೀನೇ ಕೂತು ಮಾಡಿದೀಯ."

"ಮಾಡಿದೀನಿ. ಏನೀಗ? ಈ ರಸ್ತೇಲಿ ಅರ್ಧ ಮನೇಲಿದೆ ಇಂಥದ್ದು."

"ಆ ಅರ್ಧ ಮನೇಲಿ ನಮ್ಮಕ್ಕ ಇಲ್ಲ!"

ಹೆಕ್ಟರ್ ವೈರನ್ನು ನೆಲಕ್ಕೆ ಬಡಿದ. ಉಪ್ಪಿನಕಾಯಿ ಬಾಟಲಿಗಳು ಗಲಗಲ ಅಂದವು. ಕರೆಂಟಿನ ಪೆಟ್ಟಿಗೆಯ ಪಕ್ಕ ಜಾಗ ಮಾಡಲು ಬೀಟ್‌ರೂಟ್ ಉಪ್ಪಿನಕಾಯಿಯ ಕಪಾಟನ್ನು ಸರಿಸಿದಾಗ ಅದರ ಹಿಂದಿನಿಂದ ಈ ವೈರು ಜಾರಿ ಅವನ ಕಾಲ ಮೇಲೆ ಬಿದ್ದಿತ್ತು. ಅವನು ಬಂದಿದ್ದು ಜಗಳಕ್ಕಲ್ಲ. ಅಕ್ಕನ ಮನೆಗೆ ಒಂದು ಸರಿಯಾದ ಚೇಂಜ್ ಓವರ್ ಸ್ವಿಚ್ ಹಾಕಿಕೊಡೋಣ ಅಂತ, ಡ್ಯೂಟಿಗೆ ಹೋಗುವ ಮುಂಚೆ ಸಿಕ್ಕ ನಾಲ್ಕು ಗಂಟೆಗಳ ಬಿಡುವಿನಲ್ಲಿ ಬಂದಿದ್ದ. ಸಂಜೆಯಿಂದ ಬಿರುಗಾಳಿ. ಮೊದಲು ಮಂಜುಗಡ್ಡೆಯ ಮಳೆ, ಆಮೇಲೆ ಹಿಮ, ಎರಡು ದಿನ ಬಿಡುವುದಿಲ್ಲ ಅಂತ ರೇಡಿಯೋ ಬೆಳಗಿನಿಂದ ಬಡಕೊಳ್ಳುತ್ತಿತ್ತು. ಕೇಪ್ ಬ್ರೆಟನ್ ದ್ವೀಪದಲ್ಲಿ ಮಂಜುಗಡ್ಡೆಯ ಮಳೆ ಅಂದರೆ ತಂತಿಗೆ ಗಡ್ಡೆ ಕಟ್ಟಿ ಅದು ಹರಿಯುವುದು ಖಾತ್ರಿ.

ಮನೆ ಆಗಲೇ ಸಜ್ಜಾಗಿತ್ತು. ಚಳಿ ನುಗ್ಗದಂತೆ ಗೋಡೆಯ ಬುಡಕ್ಕೆ ಸುತ್ತಲೂ ಮರ್ಡಕ್ ಫರ್ ಮರದ ಕೊಂಬೆಗಳನ್ನು ಒತ್ತೊತ್ತಾಗಿ ಪೇರಿಸಿದ್ದ. ಸೌದೆ ವರಾಂಡಕ್ಕೆ ಬಂದಿತ್ತು. ಕಾಲು ಜಾರದಂತೆ ಮೆಟ್ಟಿಲಿಗೆ ಎರಚಲು ಬೂದಿಯ ಬಕೆಟ್ಟು ಬಾಗಿಲ ಬಳಿ ಕೂತಿತ್ತು. ಬಾವಿಯ ಪಂಪು ನಿಂತರೆ ಇರಲಿ ಅಂತ ಅಕ್ಕ ಫ್ಲೋರಾ ಮೇಲಿನ ಸ್ನಾನದ ತೊಟ್ಟಿಗೆ ನೀರು ಬಿಟ್ಟಿದ್ದಳು. ಆ ನೀರಿನ ಸದ್ದು ಕೊಳವೆಯಲ್ಲಿ ಇಳಿದು ಇಬ್ಬರ ತಲೆಯ ಮೇಲೆ ಗುಂಯ್ ಅನ್ನುತ್ತಿತ್ತು.

"ಯಾವಾಗ ಮಾಡಿದ್ದು?" ಹೆಕ್ಟರನ ದನಿ ಇಳಿದಿತ್ತು.

"ಆರು ತಿಂಗಳ ಹಿಂದೆ."

ಹೆಕ್ಟರ್ ಬಗ್ಗಿ ವೈರನ್ನು ಮತ್ತೆ ಎತ್ತಿಕೊಂಡ. ಒಂದು ಹಲ್ಲನ್ನು ಬೆರಳಲ್ಲಿ ಉಜ್ಜಿ ಮರ್ಡಕ್‌ನ ಮೂಗಿನ ಹತ್ತಿರ ಹಿಡಿದ. "ನೋಡು. ಕಪ್ಪಗೆ ಸುಟ್ಟಿದೆ. ಅಂದ್ರೆ ಉಪಯೋಗಿಸಿದೀಯ. ಆರು ತಿಂಗಳಿಂದೀಚೆ ಈ ರಸ್ತೇಲಿ ಒಂದು ದಿನ ಕರೆಂಟ್ ಹೋಗಿಲ್ಲ. ಕೊನೇ ಸಲ ಹೋಗಿದ್ದು ಮಾರ್ಚಲ್ಲಿ."

ಮರ್ಡಕ್ ಬೀಟ್‌ರೂಟ್ ಬಾಟಲಿಗಳ ಕಡೆ ತಿರುಗಿದ. ಐವತ್ತೆಂಟರ ದಪ್ಪ ಮನುಷ್ಯ, ನಲವತ್ತು ವರ್ಷ ದೋಣಿಯ ಮೇಲೆ ಗಾಳಿಯ ಜೊತೆ ಕೂಗಾಡಿ ಪಳಗಿದ ಗಂಟಲು. ಅದು ಸುಮ್ಮನಾದದ್ದೇ ಹೆಕ್ಟರನಿಗೆ ಉತ್ತರವಾಯಿತು.

ಮಾರ್ಚಿನ ಬಿರುಗಾಳಿಯ ಮೂರನೇ ದಿನ, ಈ ಮನೆಯಿಂದ ಅರ್ಧ ಮೈಲಿ ಕೆಳಗೆ, ಸೇತುವೆಯ ಕಂಬದ ಮೇಲೆ ರೋರಿ ಇದ್ದ. ಕೆಲಸದಲ್ಲಿ ಹೆಕ್ಟರನ ಜೋಡಿ ಅವನು, ಹದಿನಾರು ವರ್ಷದಿಂದ. ಕೆಳಗೆ ಹಗ್ಗ ಹಿಡಿದು ನಿಂತವನು ಹೆಕ್ಟರ್. ಲೈನಿನಲ್ಲಿ ಕರೆಂಟಿರಲಿಲ್ಲ. ಹೆಕ್ಟರನೇ ಎರಡು ಸಲ ನೋಡಿದ್ದ. ಮೇಲೆ ಗಂಟು ಬಿಗಿಯಲು ರೋರಿ ಬಲಗೈಯ ಗವಸು ತೆಗೆದ. ಆಮೇಲೆ ಮಣಿಕಟ್ಟಿನಿಂದಾಚೆ ಆ ಕೈ ಉಳಿಯಲಿಲ್ಲ. ಸತ್ತ ಲೈನಿಗೆ ಯಾವುದೋ ಮನೆಯ ಜನರೇಟರು ಹಿಂದಿನಿಂದ ಕರೆಂಟು ತಳ್ಳಿತ್ತು. ಮನೆಯಿಂದ ಹೊರಟಾಗ ಅದು ಸಾಧಾರಣ ಕರೆಂಟು, ಕಂಬದ ಟ್ರಾನ್ಸ್‌ಫಾರ್ಮರ್ ದಾಟಿದ ಮೇಲೆ ಸಾವಿರಾರು ವೋಲ್ಟು. ಕಂಪನಿಯವರು ರಸ್ತೆಯ ಹದಿನಾಲ್ಕು ಮನೆಯ ಬಾಗಿಲು ತಟ್ಟಿದರು. ಹದಿಮೂರು ಮನೆ ನಮ್ಮದಲ್ಲ ಅಂದವು. ಹದಿನಾಲ್ಕನೆಯದನ್ನು ಹೆಕ್ಟರ್ ತಟ್ಟಲು ಬಿಡಲಿಲ್ಲ. ಅದು ನಮ್ಮಕ್ಕನ ಮನೆ, ನಾನೇ ಕೇಳ್ತೀನಿ ಅಂದ. ಕೇಳಿದ. ಅವರೂ ನಮ್ಮದಲ್ಲ ಅಂದರು. ಆಮೇಲೆ, ಎಲ್ಲಾ ಮನೆ ವಿಚಾರಿಸಲಾಗಿದೆ ಎಂಬ ಕಾಗದದ ಕೆಳಗೆ ಸಹಿ ಹಾಕಿದ. ಕರೆಂಟು ಎಲ್ಲಿಂದ ಬಂತೋ ತಿಳಿಯಲಿಲ್ಲ, ಗವಸು ತೆಗೆದದ್ದು ರೋರಿಯದೇ ತಪ್ಪು ಅಂತ ಆ ಕಾಗದದಲ್ಲಿತ್ತು.

"ಮೇನ್ ಸ್ವಿಚ್ ಇಳಿಸಿ, ರಸ್ತೆಯ ಲೈನು ಕಡಿದೇ ಹಚ್ತಿದ್ದೆ ಕಣೋ," ಅಂದ ಮರ್ಡಕ್. "ಪ್ರತಿ ಸಲ. ನಾನೇನು ಹುಚ್ಚನಾ?"

"ಅವತ್ತು?"

"ಅವತ್ತೂ ಇಳಿಸಿದ್ದೆ."

"ಅವತ್ತೂ ಇಳಿಸಿದ್ದೆ ಅಂದ್ರೆ ನನ್ನ ಮುಖ ನೋಡಿ ಹೇಳು. ಅದೇನು ಬೀಟ್‌ರೂಟ್ ನೋಡ್ತೀಯ?"

ಮರ್ಡಕ್ ಒಮ್ಮೆಲೇ ಕೆರಳಿದ. "ಇಲ್ಲ! ಇಳಿಸಿರಲಿಲ್ಲ! ಮರೆತೆ! ಮನುಷ್ಯ ಅಂದ್ಮೇಲೆ ಮರೀತಾನೆ. ನಾನೇ ಮಾಡಿದ್ದು. ಏನ್ ಮಾಡ್ತೀಯ, ನನ್ನ ಕೈ ಕಡೀತೀಯಾ? ಕಡಿ, ಕೊಡಲಿ ಅಲ್ಲೇ ಇದೆ!"

"ಅವನಲ್ಲ," ಅಂತ ಮೆಟ್ಟಿಲ ಕಡೆಯಿಂದ ಕೇಳಿಸಿತು.

ಫ್ಲೋರಾ ಅರ್ಧ ಮೆಟ್ಟಿಲು ಇಳಿದು ನಿಂತಿದ್ದಳು. ತೋಳು ಮಡಚಿದ ಅಂಗಿ ಮೊಣಕೈವರೆಗೂ ಒದ್ದೆಯಾಗಿತ್ತು.

"ನೀನು ಮೇಲೆ ಹೋಗು," ಅಂದ ಮರ್ಡಕ್.

"ಹೋಗಲ್ಲ."

"ಫ್ಲೋರಾ, ಹೋಗು ಅಂದೆ. ಒಲೆ ನೋಡ್ಕೋ!"

"ಒಲೆ ಎಲ್ಲೂ ಓಡಿಹೋಗಲ್ಲ. ಹತ್ತು ತಿಂಗಳು ಇವನು ಬಾಯಿ ಮಾಡಿ ಮಾಡಿ ನನ್ನ ಬಾಯಿ ಮುಚ್ಚಿಸಿದ. ಸಾಕು." ಅವಳು ಉಳಿದ ಮೆಟ್ಟಿಲು ಇಳಿದು ತಮ್ಮನ ಎದುರು ನಿಂತಳು. "ಇವನು ಮನೇಲೇ ಇರಲಿಲ್ಲ ಹೆಕ್ಟರ್. ದೋಣಿ ನೋಡೋಕೆ ಅಂತ ಸಮುದ್ರದ ಕಟ್ಟೆಗೆ ಹೋಗಿದ್ದ. ಜನರೇಟರ್ ಓಡ್ತಿತ್ತು. ಆಚೆ ಊರಿಗೆ ಕರೆಂಟ್ ಬಂತು ಅಂತ ರೇಡಿಯೋದಲ್ಲಿ ಹೇಳಿದ್ರು. ನಮಗೂ ಬಂತೇನೋ ನೋಡೋಣ ಅಂತ ಕೆಳಗೆ ಬಂದು ಮೇನ್ ಎತ್ತಿದೆ. ಅಷ್ಟೇ. ಹತ್ತು ಎಣಿಸೋಷ್ಟು ಹೊತ್ತು. ಜನರೇಟರ್ ಹಸು ನರಳಿದ ಹಾಗೆ ನರಳಿ ನಿಂತೇಹೋಯ್ತು. ಹೆದರಿ ಮತ್ತೆ ಇಳಿಸಿದೆ."

"ಜನರೇಟರ್ ಯಾಕೆ ಓಡ್ತಿತ್ತು? ಒಲೆ ಇತ್ತಲ್ಲ. ನೀರಿತ್ತಲ್ಲ."

"ಫ್ರೀಜರ್‌ಗೆ." ಅವಳ ದನಿ ಕೇಳಿಸುವಷ್ಟೂ ಇರಲಿಲ್ಲ. "ಮಾಂಸ ಕರಗ್ತಿತ್ತು."

ಹೆಕ್ಟರ್ ಮೂಲೆಯ ಬಿಳಿ ಫ್ರೀಜರನ್ನು ನೋಡಿದ. ಅದು ತನ್ನ ಪಾಡಿಗೆ ಗೊರಗೊರ ಅನ್ನುತ್ತಿತ್ತು. ಅದರ ಮೇಲೆ ಯಾರೋ ಇಸ್ತ್ರಿ ಮಾಡಿದ ಬಟ್ಟೆ ಮಡಚಿ ಇಟ್ಟಿದ್ದರು.

"ನಾನು ಬಂದು ಕೇಳಿದಾಗ ನಿನಗೆ ಗೊತ್ತಿತ್ತಾ?"

ಅವಳು ಮರ್ಡಕ್‌ನ ಕಡೆ ನೋಡಲಿಲ್ಲ. "ಗೊತ್ತಿತ್ತು."

"ಟೀ ಕೊಟ್ಟೆ ನನಗೆ."

"ಕೊಟ್ಟೆ."

"ಭಾನುವಾರ ಭಾನುವಾರ ಡಬ್ಬೀಲಿ ಸೂಪ್ ತುಂಬಿ, ರೋರಿಗೆ ಕೊಡು ಅಂತ ನನ್ನ ಕೈಲೇ ಕಳಿಸಿದೆ. ಅವನು ಎಡಗೈಲಿ ಚಮಚ ಹಿಡ್ಕೊಂಡು, ಅರ್ಧ ಮೈಮೇಲೆ ಚೆಲ್ಕೊಂಡು, ನಿಮ್ಮಕ್ಕನಂಥ ಹೆಂಗಸು ಈ ದ್ವೀಪದಲ್ಲೇ ಇಲ್ಲ ಅಂತಾನೆ. ನಾನೂ ಹೂಂ ಅಂತೀನಿ. ಪಕ್ಕದಲ್ಲಿ ಕೂತು ಹೂಂ ಅಂತೀನಿ ನಾನು!"

"ಏ, ಯಾರಾದ್ರೂ ಬದುಕಿದೀರೇನ್ರೋ ಕೆಳಗೆ?" ಮೇಲಿನಿಂದ ಮುದುಕಿ ಎಫಿ ಕೂಗಿದಳು. ಫ್ಲೋರಾ, ಹೆಕ್ಟರರ ತಾಯಿ. ಎಂಬತ್ತೊಂದು ವರ್ಷವಾಗಿದ್ದರೂ ಗಂಟಲಿಗೆ ಇನ್ನೂ ಮೂವತ್ತು. "ತೊಟ್ಟಿ ತುಂಬಿ ಹರೀತಿದೆ! ಬಿರುಗಾಳಿ ಬರೋ ಮೊದಲು ನನ್ನ ನೀವೇ ಮುಳುಗಿಸಿಬಿಡ್ತೀರ!"

ಮರ್ಡಕ್ ಬೈಯುತ್ತಾ ಮೇಲಕ್ಕೆ ಓಡಿದ. ಹಲಗೆಗಳ ಸಂದಿನಿಂದ ಒಂದೊಂದೇ ಹನಿ ತೊಟ್ಟಿಕ್ಕತೊಡಗಿತು. ಅಕ್ಕ ತಮ್ಮ ಇಬ್ಬರೂ ಅಲ್ಲೇ ನಿಂತರು. ಹನಿ ಫ್ಲೋರಾಳ ಭುಜಕ್ಕೆ ಬಿದ್ದರೂ ಅವಳು ಕದಲಲಿಲ್ಲ.

"ಈಗೇನು ಮಾಡ್ತೀಯ?" ಅಂದಳು.

ಹೆಕ್ಟರ್ ಚೀಲ ಬಿಚ್ಚಿದ. ಇಕ್ಕಳ ತೆಗೆದು ವೈರನ್ನು ನಾಲ್ಕು ತುಂಡು ಮಾಡಿದ. ಅವನ್ನು ಸೌದೆಯ ಪುಡಿಯಿದ್ದ ಡಬ್ಬಕ್ಕೆ ಎಸೆದ. ಆಮೇಲೆ ಮೇನ್ ಇಳಿಸಿದ. ಕತ್ತಲಾಯಿತು. "ಟಾರ್ಚ್ ಹಿಡಿ," ಅಂದ.

ಒಂದು ಗಂಟೆ ಅವಳು ಟಾರ್ಚ್ ಹಿಡಿದಿದ್ದಳು. ಬೇರೆ ದಿನವಾಗಿದ್ದರೆ ಅವನು ಕೆಲಸ ಮಾಡುತ್ತಾ ಹಾಡುತ್ತಿದ್ದ, ಇಲ್ಲವೇ ಕಂಪನಿಯ ಮೇಸ್ತ್ರಿಯನ್ನು ಅಣಕಿಸಿ ತೋರಿಸುತ್ತಿದ್ದ. ಇವತ್ತು ತಿರುಪು ಬಿಗಿಯುವ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಬೆಳಕು ಸ್ವಲ್ಪ ಅಲುಗಿದಾಗ "ನೆಟ್ಟಗೆ" ಅಂದ. ಇನ್ನೊಮ್ಮೆ ಅಲುಗಿದಾಗ ಅವಳ ಮಣಿಕಟ್ಟು ಹಿಡಿದು ಬೆಳಕನ್ನು ಬೇಕಾದ ಕಡೆ ತಿರುಗಿಸಿ, ತಕ್ಷಣ ಕೈ ಬಿಟ್ಟ.

ಮುಗಿದ ಮೇಲೆ ಎರಡು ಹಿಡಿಗಳನ್ನು ತೋರಿಸಿದ. "ಮೇಲಿನದು ರಸ್ತೆಯ ಲೈನು. ಕೆಳಗಿನದು ಜನರೇಟರ್. ಒಂದು ಎದ್ದಿದ್ರೆ ಇನ್ನೊಂದು ಏಳಲ್ಲ, ಕಬ್ಬಿಣ ಅಡ್ಡ ಬರುತ್ತೆ. ನೀನು ಬೇಕೂಂತ ಮಾಡಿದ್ರೂ ತಪ್ಪಾಗಲ್ಲ."

"ನಾನು ಬೇಕೂಂತ..."

"ಎಳೆದು ತೋರಿಸು."

ಅವಳು ಎಳೆದು ತೋರಿಸಿದಳು. ಎರಡು ಸಲ.

ಅಡುಗೆಮನೆಯಲ್ಲಿ ಎಫಿ ಒಲೆಯ ಪಕ್ಕದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಲಾಟೀನಿನ ಬತ್ತಿ ಕತ್ತರಿಸುತ್ತಿದ್ದಳು. ಬೆಳಗ್ಗೆ ಬೇಯಿಸಿದ ಆರು ಬ್ರೆಡ್ಡು ಮೇಜಿನ ಮೇಲೆ ಸಾಲಾಗಿದ್ದವು. ಮೀನಿನ ಸಾರು ಕುದಿಯುತ್ತಿತ್ತು. ಕಿಟಕಿಯ ಗಾಜಿಗೆ ಮೊದಲ ಹನಿಗಳು ಮರಳು ಎರಚಿದಂತೆ ಬಡಿಯತೊಡಗಿದ್ದವು.

"ಕೂತ್ಕೊಳ್ಳೋ, ಎರಡು ತುತ್ತು ತಿಂದು ಹೋಗು," ಅಂದಳು ಎಫಿ. "ಕಂಬದ ಮೇಲೆ ನಿನಗೆ ಯಾರು ಬಡಿಸ್ತಾರೆ? ಮುಖ ಯಾಕೆ ಹಾಗಿದೆ? ಸತ್ತ ಮೀನಿನ ಕಣ್ಣಾದ್ರೂ ಇದಕ್ಕಿಂತ ವಾಸಿ."

"ಹಸಿವಿಲ್ಲ ಅಮ್ಮಾ."

"ಹಸಿವಿಲ್ಲವಂತೆ! ಇವನು ಹುಟ್ಟಿದಾಗಿನಿಂದ ಇವತ್ತೇ ಮೊದಲ ಸಲ ಈ ಮಾತು ಕೇಳ್ತಿರೋದು."

ಮುದುಕಿ ಮೂವರ ಮುಖವನ್ನೂ ಒಂದೊಂದಾಗಿ ನೋಡಿ ಕತ್ತರಿ ಕೆಳಗಿಟ್ಟಳು.

ಹೆಕ್ಟರ್ ನಿಂತೇ ಇದ್ದ. ಕೋಟು ಹಾಕಿಕೊಂಡಿದ್ದ, ಗುಂಡಿ ಹಾಕಿರಲಿಲ್ಲ. "ಫ್ಲೋರಾ, ನಾನು ಯಾರಿಗೂ ಹೇಳಲ್ಲ," ಅಂದ. "ಕಂಪನಿಗೂ ಇಲ್ಲ. ರೋರಿಗೂ ಇಲ್ಲ. ನಾನು ಹೇಳಿದ್ರೆ ಅದು ಚಾಡಿ. ನೀನು ಹೇಳು. ಈ ಗಾಳಿ ಮುಗೀಲಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ. ಒಂದು ಮಾತು. ನಿನ್ನ ತಪ್ಪಲ್ಲ ಮಾರಾಯಾ, ಲೈನಿಗೆ ಕರೆಂಟ್ ಬಿಟ್ಟಿದ್ದು ನಾನು ಅಂತ. ಅವನಿಗೆ ಬೇಕಾಗಿರೋದು ಅಷ್ಟೇ. ರಾತ್ರಿ ನಿದ್ದೆ ಬರಲ್ಲ ಅವನಿಗೆ. ಆ ಗವಸು ಯಾಕೆ ತೆಗೆದೆ, ಯಾಕೆ ತೆಗೆದೆ ಅಂತ ಹೆಂಡತಿ ಹತ್ರ ಒಂದೇ ಸಮ ಕೇಳ್ತಾನಂತೆ."

ಫ್ಲೋರಾ ಸೌಟು ಹಿಡಿದು ಒಲೆಯ ಕಡೆ ತಿರುಗಿದ್ದಳು.

"ಅವಳು ಎಲ್ಲೂ ಬರಲ್ಲ," ಅಂದ ಮರ್ಡಕ್. "ಹೇಳಿದ್ರೆ ಹೋದ ಕೈ ವಾಪಸ್ ಬರುತ್ತಾ? ಕೋರ್ಟು ಕಚೇರಿ ಬರುತ್ತೆ. ಊರವರು ಇವಳ ಮುಖಕ್ಕೆ ಉಗೀತಾರೆ. ನಿನಗೇನು, ನಿನ್ನ ಮನಸ್ಸು ತಣ್ಣಗಾದ್ರೆ ಸಾಕು."

"ನಿನ್ನನ್ನ ಕೇಳಲಿಲ್ಲ ಮರ್ಡಕ್."

"ನನ್ನ ಮನೇಲಿ ನಿಂತು ನನ್ನ ಕೇಳಲ್ವಂತೆ!"

"ಫ್ಲೋರಾ," ಅಂದ ಹೆಕ್ಟರ್.

ಸಾರು ತಳ ಹಿಡಿಯುವಂತಿತ್ತು. ಅವಳು ಅದನ್ನು ಕಲಕಿದಳು. ಇನ್ನೊಮ್ಮೆ ಕಲಕಿದಳು. "ಉಪ್ಪು ಸಾಕಾ ನೋಡಮ್ಮ," ಅಂದಳು ತಾಯಿಗೆ.

ಹೆಕ್ಟರ್ ಸ್ವಲ್ಪ ಹೊತ್ತು ಅವಳ ಬೆನ್ನು ನೋಡಿದ. ಆಮೇಲೆ ಗುಂಡಿ ಹಾಕಿಕೊಂಡು, ತಾಯಿಯ ತಲೆ ಮುಟ್ಟಿ, ಬಾಗಿಲು ತೆಗೆದು ಹೋದ. ಜೀಪು ಎರಡು ಸಲ ಕೆಮ್ಮಿ ಹೊರಟಿತು. ಮರ್ಡಕ್ ಎದ್ದು ಬಾಗಿಲ ಬುಡಕ್ಕೆ ಹಳೇ ಗೋಣಿಯನ್ನು ಒತ್ತಿದ.

ಕರೆಂಟು ಆರಕ್ಕೆ ಹೋಯಿತು. ಫ್ಲೋರಾ ಕೆಳಗೆ ಹೋಗಿ ಜನರೇಟರಿನ ಹಿಡಿ ಎತ್ತಲಿಲ್ಲ. ಮರ್ಡಕ್ ಹೋಗಲು ಎದ್ದಾಗ "ಬೇಡ" ಅಂದಳು. ಅವನು ಅವಳ ಮುಖ ನೋಡಿ ಕೂತುಕೊಂಡ. ಎರಡು ದಿನ ಮನೆ ನರಳಿತು. ಛಾವಣಿಯ ಒಂದು ತಗಡು ಹಾರಿತು. ಫ್ರೀಜರಿನಿಂದ ನೀರು ಇಳಿದು ನೆಲಮಾಳಿಗೆಯ ನೆಲದ ಮೇಲೆ ಹರಿಯಿತು, ಯಾರೂ ಒರೆಸಲಿಲ್ಲ. ಗಂಡ ಹೆಂಡತಿ ಮಾತಾಡಲಿಲ್ಲ. ಎಫಿ ಮಾತ್ರ ಗೋಡೆಗೆ, ಒಲೆಗೆ, ದೇವರಿಗೆ, ಎಲ್ಲರಿಗೂ ಬೈಯುತ್ತಿದ್ದಳು.

ಮೂರನೇ ದಿನ ಬೆಳಗ್ಗೆ ಗಾಳಿ ನಿಂತಿತು. ಹನ್ನೊಂದರ ಹೊತ್ತಿಗೆ ಎಲ್ಲಾ ದೀಪಗಳೂ ಒಟ್ಟಿಗೆ ಹತ್ತಿಕೊಂಡವು, ರೇಡಿಯೋ ಅರ್ಧ ಮಾತಿನಿಂದ ಶುರುವಾಯಿತು. ಸ್ವಲ್ಪ ಹೊತ್ತಿಗೆ ಕಂಪನಿಯ ಲಾರಿ ಬಂತು. ರಸ್ತೆ ಮುಗಿಯುವುದೇ ಇವರ ಅಂಗಳದಲ್ಲಿ, ತಿರುಗಿಸಿಕೊಳ್ಳಲು ಬೇರೆ ಜಾಗವಿಲ್ಲ. ಹಳದಿ ದೀಪ ಹಿಮದ ಮೇಲೆ ಸುತ್ತುತ್ತಿತ್ತು.

"ಬಂದ ನೋಡು ನನ್ನ ಮಗ," ಅಂದಳು ಎಫಿ. "ಟೀಗೆ ನೀರಿಡು."

ಲಾರಿ ಹಿಂದಕ್ಕೆ ಬಂತು, ಪೀಂ ಪೀಂ ಅಂದಿತು, ಒಂದು ಸುತ್ತು ಹಾಕಿ ಬಂದ ದಾರಿಯಲ್ಲೇ ಹೋಯಿತು. ಬಾಗಿಲು ತೆರೆಯಲಿಲ್ಲ. ಗಾಜಿನೊಳಗೆ ಯಾರಿದ್ದಾರೆ ಅಂತಲೂ ಕಾಣಲಿಲ್ಲ.

ಮರ್ಡಕ್ ಕೆಟಲ್ ಹಿಡಿದು ತಿರುಗಿದಾಗ ಫ್ಲೋರಾ ವರಾಂಡದಲ್ಲಿದ್ದಳು. ಬೂಟು ಹಾಕಿಕೊಂಡಿದ್ದಳು. ಅವನು ಬಾಗಿಲಿಗೆ ಬರುವಷ್ಟರಲ್ಲಿ ಅಂಗಳ ದಾಟಿದ್ದಳು.

"ಎಲ್ಲಿಗೇ?" ಅಂತ ಕೂಗಿದ. "ಫ್ಲೋರಾ! ತಲೆ ಕೆಟ್ಟಿದೆಯಾ? ಸೇತುವೆ ಆಚೆ ಹಿಮ ಸೊಂಟದವರೆಗಿರುತ್ತೆ! ಮೂರು ಮೈಲಿ ಕಣೇ ಆ ರೋರಿ ಮನೆ! ನಿಲ್ಲು, ಗಾಡಿ ತೆಗೀತೀನಿ!"

ಅವಳು ತಿರುಗಲಿಲ್ಲ.

"ಕೋಟಾದ್ರೂ..." ಅಂತ ಅವನು ಒಳಗೆ ನೋಡಿದ. ಗೂಟ ಖಾಲಿಯಿತ್ತು.

"ಬೆಳಗ್ಗೆ ಐದಕ್ಕೇ ಹಾಕ್ಕೊಂಡು ಕೂತಿದ್ದಳು," ಅಂದಳು ಎಫಿ, ಕುರ್ಚಿಯಿಂದ ಏಳದೆ. "ನೀನು ನೋಡಲಿಲ್ಲ."

ಮರ್ಡಕ್ ಸಲಿಕೆ ತೆಗೆದುಕೊಂಡ. ಮೆಟ್ಟಿಲ ಮೇಲಿನ ಹಿಮ ಸರಿಸಿದ, ಗಾಡಿಯ ಮುಂದಿನ ಹಿಮ ಸರಿಸಿದ, ಬೆನ್ನು ನೆಟ್ಟಗಾಗದಷ್ಟು ಎತ್ತಿ ಎತ್ತಿ ಹಾಕಿದ. ಗಾಡಿ ಸ್ಟಾರ್ಟ್ ಆಗಲಿಲ್ಲ. ರಸ್ತೆಯ ಅಂಚಿಗೆ ಹೋಗಿ ನಿಂತ. ಲಾರಿಯ ಚಕ್ರ ಒತ್ತಿದ ಓಣಿಯೊಳಗೆ ಅವಳ ಹೆಜ್ಜೆಗಳು ಒಂದರ ಮುಂದೆ ಒಂದು ನೇರವಾಗಿ ಬಿದ್ದಿದ್ದವು. ನಾಲ್ಕೂವರೆಗೆ ಬೆಳಕು ಹೋಗುವವರೆಗೂ ಅವು ಅಲ್ಲಿ ಕಾಣುತ್ತಿದ್ದವು, ಎಲ್ಲವೂ ಒಂದೇ ಕಡೆಗೆ.