ಲಕ್ಷ್ಮಮ್ಮನವರ ಕೈರುಚಿ

ಲಕ್ಷ್ಮಮ್ಮನವರಿಗೆ ಎಪ್ಪತ್ತೆಂಟು ವರ್ಷ. ತುಮಕೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಈಗ ಮೆಲ್ಬರ್ನಿನ ವೆರಿಬೀಯಲ್ಲಿ ಎರಡು ಕೋಣೆಯ ಯೂನಿಟ್ಟಿನಲ್ಲಿ ಒಬ್ಬರೇ ಇದ್ದರು. ಮಗ ಸುದರ್ಶನನಿಗೆ ಸಿಡ್ನಿಗೆ ವರ್ಗವಾದಾಗ ಅವನೂ ಸೊಸೆ ಪ್ರಾರ್ಥನಾಳೂ ಅಲ್ಲಿನ ರೌಸ್ ಹಿಲ್‌ನ ಹೊಸ ಮನೆಗೆ ಬನ್ನಿ ಎಂದು ಎಷ್ಟು ಕರೆದರೂ ಅವರು ಹೋಗಲಿಲ್ಲ. ಇಲ್ಲಿ ಅವರಿಗೆ ಲೈಬ್ರರಿ ಇತ್ತು, ಬೆಳಗಿನ ವಾಕಿಂಗಿಗೆ ಗೆಳತಿಯರಿದ್ದರು. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಹನ್ನೆರಡು ಮಕ್ಕಳು ಅವರಿಗೆ ಹೆದರುತ್ತಿದ್ದರು.

ಅವರಿಗೆ ಬಾರದೆ ಇದ್ದದ್ದು ಒಂದೇ, ಅಡುಗೆ. ಆ ಗುಟ್ಟು ಗೊತ್ತಿದ್ದವರು ಗಂಡ ಹಿರಿಯಣ್ಣ ಒಬ್ಬರೇ. ಪೋಸ್ಟಾಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಅವರು ಬೆಳಗಿನ ಜಾವ ಎದ್ದು ಅನ್ನ, ಸಾರು, ಪಲ್ಯ ಎಲ್ಲ ಮುಗಿಸಿ, ಮಗ ಏಳುವಷ್ಟರಲ್ಲಿ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿರುತ್ತಿದ್ದರು. ಕೊನೆಗೆ ಲಕ್ಷ್ಮಮ್ಮನವರು ಬಂದು ಒಂದು ಒಗ್ಗರಣೆ ಸಿಡಿಸುತ್ತಿದ್ದರು. ಅಷ್ಟು ಅವರಿಗೆ ಬರುತ್ತಿತ್ತು. ಬೀದಿಯವರು ನಗುತ್ತಾರೆಂದು ಹಿರಿಯಣ್ಣನೇ ಈ ಏರ್ಪಾಡು ಮಾಡಿದ್ದು. ಹೊಗಳಿಕೆ ಬಂದಾಗ ಬೇಡವೆನ್ನುವುದು ಲಕ್ಷ್ಮಮ್ಮನವರಿಗೂ ಅಭ್ಯಾಸವಿರಲಿಲ್ಲ. ಆಸ್ಟ್ರೇಲಿಯಾಕ್ಕೆ ಬಂದ ಮೇಲೂ ಅದೇ ನಡೆಯಿತು.

ಎರಡು ವರ್ಷದ ಹಿಂದೆ ಹಿರಿಯಣ್ಣ ತೀರಿಕೊಂಡರು. ಲಕ್ಷ್ಮಮ್ಮನವರು ಬ್ರೆಡ್ಡು, ಬಾಳೆಹಣ್ಣು, ಮೊಸರಿನಲ್ಲಿ ಕಾಲ ತಳ್ಳತೊಡಗಿದರು. ಏಳು ಕಿಲೋ ಇಳಿದಾಗ ಅವರ ಡಾಕ್ಟರು ಇವರನ್ನು ಕೇಳದೆಯೇ, ಹಿರಿಯರ ಮನೆಗೆ ಸಹಾಯಕರನ್ನು ಕಳಿಸುವ ಸರ್ಕಾರದ ಹೋಮ್ ಕೇರ್‌ಗೆ ಬರೆದರು. ಮನೆಗೆ ಬಂದು ಪರೀಕ್ಷಿಸಿದ ಅಧಿಕಾರಿ ಫ್ರಿಜ್ ತೆರೆದು ನೋಡಿ, "ಅಡುಗೆ ಮಾಡಿಕೊಳ್ಳೋದು ನಿಮಗೆ ಕಷ್ಟವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ತುಂಬಾ ಕಷ್ಟ," ಎಂದರು ಲಕ್ಷ್ಮಮ್ಮನವರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಕೆಲವು ತಿಂಗಳು ಕಾದ ಮೇಲೆ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಎರಡೆರಡು ಗಂಟೆ ಸಹಾಯ ಮಂಜೂರಾಯಿತು. ಕನ್ನಡ ಬಲ್ಲವರೇ ಬೇಕೆಂದು ಕೇಳಿದ್ದರಿಂದ ಕೃಪಾ ಬಂದಳು. ದಾವಣಗೆರೆಯವಳು, ಇಪ್ಪತ್ತೊಂಬತ್ತು ವರ್ಷ. ಓದಲು ಬಂದು, ಇಲ್ಲೇ ಕಾಯಂ ನೆಲೆಸಲು ಪಿಆರ್ ಸಿಕ್ಕಿ, ಕೇರ್ ವರ್ಕರ್ ಆಗಿ ಮೂರು ವರ್ಷವಾಗಿತ್ತು.

ಮೊದಲ ದಿನ ಲಕ್ಷ್ಮಮ್ಮನವರು ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. "ಏನಿಲ್ಲಮ್ಮ, ಸಿಂಪಲ್ಲಾಗಿ ಒಂದು ತಿಳಿಸಾರು ಮಾಡ್ಬಿಡು ಸಾಕು."

ಕೃಪಾ ಡಬ್ಬಗಳನ್ನು ಒಂದೊಂದಾಗಿ ತೆರೆದು ಮುಚ್ಚಿದಳು. "ನಿಮ್ಮನೇಲಿ ಹೆಂಗೆ ಮಾಡ್ತೀರಾ ಆಂಟಿ? ನೀವು ಹೇಳಿ, ಹಂಗೇ ಮಾಡ್ತೀನಿ."

"ಬೇಡ, ನಿಮ್ಮ ದಾವಣಗೆರೆ ಕಡೆ ಹೇಗೋ ಹಾಗೇ ಮಾಡು. ನಂಗೂ ಹೊಸ ರುಚಿ ಆಗುತ್ತೆ."

"ಅಯ್ಯೋ, ಹಿರಿಯರು ನೀವಿರುವಾಗ ನಾನು ಹೇಗೆ..."

ಹೀಗೆ ಇಬ್ಬರೂ ಇಪ್ಪತ್ತು ನಿಮಿಷ ಮರ್ಯಾದೆ ಕೊಟ್ಟುಕೊಂಡರು. ಕೊನೆಗೆ ಕೃಪಾ ಬೇಳೆಯನ್ನು ತೊಳೆಯದೆ, ನೀರನ್ನು ಅಳೆಯದೆ ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟಳು. ಅದು ಸೀದು ಹೊಗೆ ಎದ್ದು ಸ್ಮೋಕ್ ಅಲಾರ್ಮ್ ಕೂಗತೊಡಗಿದಾಗ ಲಕ್ಷ್ಮಮ್ಮನವರು ಟವೆಲ್ ಬೀಸಿದರು, ಕೃಪಾ ಕಿಟಕಿ ತೆರೆದಳು.

ಸದ್ದು ನಿಂತ ಮೇಲೆ ಕೃಪಾ ನೆಲ ನೋಡುತ್ತ ಹೇಳಿದಳು. "ಆಂಟಿ, ನಂಗೆ ಮ್ಯಾಗಿ ಬಿಟ್ರೆ ಏನೂ ಬರಲ್ಲ. ಕೆಲಸದ ಫಾರ್ಮಲ್ಲಿ ಸೌತ್ ಇಂಡಿಯನ್ ಕುಕಿಂಗ್ ಅಂತ ಟಿಕ್ ಮಾಡ್ಬಿಟ್ಟಿದ್ದೆ. ಕಂಪ್ಲೇಂಟ್ ಮಾಡ್ತೀರಾ?"

ಕನ್ನಡ ಕ್ಲಾಸಿನ ಮಕ್ಕಳಾಗಿದ್ದರೆ ಸುಳ್ಳಿಗೆ ಹತ್ತು ನಿಮಿಷ ಬೈಗುಳ ಸಿಗುತ್ತಿತ್ತು. ಲಕ್ಷ್ಮಮ್ಮನವರು ಟವೆಲ್ ಮಡಚಿ ಪಕ್ಕಕ್ಕಿಟ್ಟರು.

"ನನಗೆ ಮ್ಯಾಗೀನೂ ಬರಲ್ಲ ಕಣೆ," ಎಂದರು.

ಮುಂದಿನ ಸಲದಿಂದ ಕೃಪಾಳ ತಾಯಿ ರತ್ನವ್ವ ಅಡುಗೆಮನೆಗೆ ಬಂದರು, ದಾವಣಗೆರೆಯಿಂದ ವಿಡಿಯೋ ಕಾಲ್‌ನಲ್ಲಿ. ವೆರಿಬೀಯಲ್ಲಿ ಹನ್ನೊಂದಾದಾಗ ಅಲ್ಲಿ ಬೆಳಗಿನ ಆರೂವರೆ. ಫೋನನ್ನು ಸಕ್ಕರೆ ಡಬ್ಬಕ್ಕೆ ಆನಿಸಿದರೆ ರತ್ನವ್ವ ಚಾ ಕುಡಿಯುತ್ತ ಆಜ್ಞೆ ಕೊಡುತ್ತಿದ್ದರು.

"ಅಕ್ಕಾರೆ, ಉರಿ ಸಣ್ಣಗೆ ಮಾಡ್ರಿ. ಕೃಪಾ, ಅವರ ಕೈಗೆ ಚಾಕು ಕೊಡಬ್ಯಾಡ, ನೀನೇ ಹೆಚ್ಚು. ಅಕ್ಕಾರು ಕೂತು ಹುಣಸೆಹಣ್ಣು ಕಿವುಚಲಿ."

ಹನ್ನೊಂದು ವರ್ಷ ಶಾಲೆಯನ್ನೇ ಆಳಿದವರು ತುಟಿ ಪಿಟಕ್ಕೆನ್ನದೆ ಹುಣಸೆಹಣ್ಣು ಕಿವುಚಿದರು. ಒಂದು ದಿನ ಉಪ್ಪು ಎರಡು ಸಲ ಬಿತ್ತು, ಇನ್ನೊಂದು ದಿನ ಬೀಳಲೇ ಇಲ್ಲ. ನಾಲ್ಕನೇ ತಿಂಗಳಿಗೆ ಸಾರು ಸಾರಿನಂತಾಯಿತು, ಉಪ್ಪಿಟ್ಟಿನ ಗಂಟುಗಳು ಕಡಿಮೆಯಾದವು. ಲಕ್ಷ್ಮಮ್ಮನವರ ತೂಕ ನಾಲ್ಕು ಕಿಲೋ ಏರಿತು. ಕೃಪಾ ಪ್ರತಿ ಸಲವೂ ಫೋನಿನ ಆ್ಯಪ್‌ನಲ್ಲಿ "ಊಟ ತಯಾರಿಸಲಾಗಿದೆ" ಎಂದು ಬರೆಯುತ್ತಿದ್ದಳು. ಯಾರು ತಯಾರಿಸಿದರು ಎಂದು ಆ್ಯಪ್ ಕೇಳುತ್ತಿರಲಿಲ್ಲ.

ಆರನೇ ತಿಂಗಳಲ್ಲಿ ಕೇರ್ ಮ್ಯಾನೇಜರ್ ಬರುವ ದಿನ ಬಂತು. ಕೊಟ್ಟ ಸಹಾಯ ಇನ್ನೂ ಬೇಕೇ ಎಂದು ನೋಡುವುದು ಆಕೆಯ ಕೆಲಸ. ಅದೇ ಶುಕ್ರವಾರ ಸುದರ್ಶನನೂ ಪ್ರಾರ್ಥನಾಳೂ ಸಿಡ್ನಿಯಿಂದ ಬಂದಿದ್ದರು. ಊಟದ ಹೊತ್ತಾಗಿದ್ದರಿಂದ ಎಲ್ಲರೂ ಒಂದೇ ಮೇಜಿಗೆ ಕೂತರು. ಕೃಪಾ ಬಡಿಸಿದಳು.

ಸುದರ್ಶನ ಒಂದು ತುತ್ತು ತಿಂದು ಕಣ್ಣು ಮುಚ್ಚಿದ. "ಇದು ನೋಡಿ," ಎಂದು ಕೇರ್ ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಹೇಳಿದ, "ನಾನು ಚಿಕ್ಕಂದಿನಿಂದ ತಿಂದ ಸಾರು. ಅಮ್ಮನ ಕೈರುಚಿ. ಈ ವಯಸ್ಸಿನಲ್ಲೂ ಒಂಚೂರು ಬದಲಾಗಿಲ್ಲ. ಇವರ ಅಡುಗೆ ಮುಂದೆ ಯಾವ ರೆಸ್ಟೋರೆಂಟೂ ನಿಲ್ಲಲ್ಲ."

ಕೇರ್ ಮ್ಯಾನೇಜರ್ ಪೆನ್ನು ಕೈಗೆತ್ತಿಕೊಂಡರು. "ಇಷ್ಟು ಚೆನ್ನಾಗಿ ಮಾಡ್ತಾರೆ ಅಂದರೆ ಸಂತೋಷ. ಹಾಗಾದರೆ ಅಡುಗೆಗೆ ಕೊಟ್ಟಿರುವ ಗಂಟೆಗಳನ್ನು ನಿಲ್ಲಿಸಬಹುದು. ಕಾಯುತ್ತಿರುವವರು ಬಹಳ ಜನ ಇದ್ದಾರೆ."

ಕೃಪಾ ಸಾರಿನ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. ಲಕ್ಷ್ಮಮ್ಮನವರು ಮಗನ ಮುಖ ನೋಡಿದರು, ಪೆನ್ನು ನೋಡಿದರು. ಐವತ್ತು ವರ್ಷದ ಹೆಸರು ಒಂದು ಕಡೆ, ಮಂಗಳವಾರ ಶುಕ್ರವಾರಗಳು ಇನ್ನೊಂದು ಕಡೆ. ಬಹಳ ಹೊತ್ತು ಯೋಚಿಸಲಿಲ್ಲ.

"ಸುದರ್ಶನ, ನಂಗೆ ಅಡುಗೆ ಬರಲ್ಲ ಕಣೋ. ಯಾವತ್ತೂ ಬರ್ತಿರ್ಲಿಲ್ಲ."

"ಏನಮ್ಮ ತಮಾಷೆ. ನೀನು ಒಗ್ಗರಣೆ ಹಾಕೋ ಸದ್ದಿಗೇ ಅಲ್ವಾ ನಾನು ಏಳ್ತಿದ್ದಿದ್ದು?"

"ಒಗ್ಗರಣೆ ಮಾತ್ರ ನಂದು. ಮಿಕ್ಕಿದ್ದೆಲ್ಲ ನಿಮ್ಮಪ್ಪಂದು."

"ಹಾಗಾದ್ರೆ ಈ ಸಾರು?"

"ದಾವಣಗೆರೆ ರತ್ನವ್ವಂದು. ನಾನು ಹುಣಸೆಹಣ್ಣು ಕಿವುಚಿದೀನಿ."

ಪ್ರಾರ್ಥನಾ ಚಮಚ ಕೆಳಗಿಟ್ಟಳು. "ಒಂದ್ನಿಮಿಷ. ನಮ್ಮ ಮದುವೆ ಆಗಿ ಹದಿನಾಲ್ಕು ವರ್ಷ. ನಾನು ಸಾರು ಮಾಡಿದಾಗಲೆಲ್ಲ ನೀನು ಏನಂತಿದ್ದೆ ಸುದರ್ಶನ?"

ಸುದರ್ಶನ ನೀರು ಕುಡಿದ.

"ಅಮ್ಮನ ಥರ ಬಂದಿಲ್ಲ ಅಂತಿದ್ದೆ. ಅವರ ಹತ್ರ ಕಲ್ತ್ಕೋ ಅಂತಿದ್ದೆ. ಅತ್ತೆ, ನಾನು ಕಲಿಯೋಕೆ ಬಂದಾಗ ನೀವೇನಂದ್ರಿ, ನೆನಪಿದ್ಯಾ? ಕಣ್ಣಳತೆ ಮೇಲೆ ಮಾಡ್ಬೇಕು ಅಂದ್ರಿ."

"ಇನ್ನೇನು ಹೇಳ್ಲಿ, ಅಳತೆ ನಂಗೇ ಗೊತ್ತಿರ್ಲಿಲ್ವಲ್ಲ," ಎಂದರು ಲಕ್ಷ್ಮಮ್ಮನವರು. ಪ್ರಾರ್ಥನಾ ಕೋಪ ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಮೇಜಿಗೆ ಹಣೆ ಹಚ್ಚಿ ನಗತೊಡಗಿದಳು.

ಕನ್ನಡ ತಿಳಿಯದ ಕೇರ್ ಮ್ಯಾನೇಜರ್ ಏನಾಯಿತೆಂದು ಕೃಪಾಳನ್ನು ಕೇಳಿದರು. "ಸೂಪ್ ಬಗ್ಗೆ ಮಾತಾಡ್ತಿದಾರೆ," ಎಂದಳು ಕೃಪಾ. ಲಕ್ಷ್ಮಮ್ಮನವರು ಅಷ್ಟಕ್ಕೆ ಬಿಡಲಿಲ್ಲ. ಶಾಲೆಯ ಇನ್‌ಸ್ಪೆಕ್ಟರಿಗೆ ವರದಿ ಒಪ್ಪಿಸುವವರಂತೆ ಎದ್ದು ನಿಂತು, ಬ್ರೆಡ್ಡಿನಿಂದ ಹಿಡಿದು ಸೀದ ಬೇಳೆಯವರೆಗೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಕೃಪಾಳ ಟಿಕ್ಕಿನ ವಿಷಯವನ್ನು ಮಾತ್ರ ಬಿಟ್ಟರು. ಅದನ್ನು ಕೃಪಾಳೇ ಹೇಳಿಕೊಂಡಳು.

ಕೇರ್ ಮ್ಯಾನೇಜರ್ ಪೆನ್ನು ಕೆಳಗಿಟ್ಟರು. "ಫಾರ್ಮಿನಲ್ಲಿ ಸುಳ್ಳು ಬರೆಯಬಾರದಿತ್ತು," ಎಂದರು ಕೃಪಾಳಿಗೆ. "ಈಗ ಅದು ನಿಜ ಆಗಿದೆ ಅನ್ನೋದು ನಿನ್ನ ಅದೃಷ್ಟ." ಆಮೇಲೆ ಲಕ್ಷ್ಮಮ್ಮನವರ ಕಡೆ ತಿರುಗಿದರು. "ಹಿರಿಯರಿಗೆ ಎಲ್ಲ ಮಾಡಿಕೊಡಬೇಡಿ, ಜೊತೆಗೆ ನಿಂತು ಮಾಡಿಸಿ ಅಂತಲೇ ನಾವು ತರಬೇತಿ ಕೊಡ್ತೀವಿ. ಯಾರೂ ಕೇಳಲ್ಲ. ನೀವು ಇದನ್ನ ಆರು ತಿಂಗಳಿಂದ ಮುಚ್ಚಿಟ್ಟುಕೊಂಡು ಮಾಡಿದ್ದೀರಿ." ಗಂಟೆಗಳನ್ನು ಹಾಗೆಯೇ ಉಳಿಸಿ, ಇನ್ನೊಮ್ಮೆ ಸಾರು ಹಾಕಿಸಿಕೊಂಡರು.

ಸಂಜೆ ಸುದರ್ಶನ ಪಾತ್ರೆ ಒರೆಸುತ್ತ ತಾಯಿಯ ಪಕ್ಕ ನಿಂತ. "ಅಪ್ಪ ಎಷ್ಟು ಗಂಟೆಗೆ ಏಳ್ತಿದ್ರು?"

"ನಾಲ್ಕೂವರೆಗೆ."

"ನಂಗೆ ಒಂದು ದಿನಾನೂ ಗೊತ್ತಾಗ್ಲಿಲ್ವಲ್ಲಮ್ಮ."

"ಗೊತ್ತಾಗಬಾರದು ಅಂತ ಕುಕ್ಕರ್ ಕೂಡ ಕೂಗಿಸ್ತಿರ್ಲಿಲ್ಲ," ಎಂದರು ಲಕ್ಷ್ಮಮ್ಮನವರು. ಅವನು ಒರೆಸಿದ ತಟ್ಟೆಯನ್ನೇ ಮತ್ತೊಮ್ಮೆ ಒರೆಸಿದ. ಹಿಂದಿನ ಕೋಣೆಯಿಂದ ಪ್ರಾರ್ಥನಾ, ಈ ಮನೆತನದಲ್ಲಿ ಅಡುಗೆ ಗಂಡಸರದ್ದು ಎಂದು ತಿಳಿದು ಬಹಳ ಸಂತೋಷವಾಯಿತೆಂದೂ, ಶನಿವಾರ ಭಾನುವಾರದ ಅಡುಗೆಯನ್ನು ಸುದರ್ಶನನಿಗೇ ಬಿಟ್ಟುಕೊಟ್ಟಿದ್ದೇನೆಂದೂ ಕೂಗಿ ಹೇಳಿದಳು. ಅವನು ಇಲ್ಲವೆನ್ನಲಿಲ್ಲ.

ಮಂಗಳವಾರ ರತ್ನವ್ವ ಜೋಳದ ರೊಟ್ಟಿ ಶುರುಮಾಡಿಸಿದರು. ಮೊದಲ ನಾಲ್ಕು ರೊಟ್ಟಿ ಹಿತ್ತಲಿನ ಮ್ಯಾಗ್‌ಪೈ ಹಕ್ಕಿಗಳಿಗೆ ಹೋದವು. ಅವೂ ಎರಡನ್ನು ಮುಟ್ಟದೆ ಹಾರಿಹೋದವು. ಐದನೆಯದನ್ನು ಲಕ್ಷ್ಮಮ್ಮನವರೂ ಕೃಪಾಳೂ ಅರ್ಧರ್ಧ ಹಂಚಿಕೊಂಡು, ಒಲೆಯ ಬಳಿ ನಿಂತೇ ತಿಂದು ಮುಗಿಸಿದರು.